ತಪ್ಪೇ ಮಾಡದ ಕೈಯ ಮಿತಿ

ಆ್ಯರನ್ ರಾಡ್ಜರ್ಸ್ ಸಾರ್ವಕಾಲಿಕ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್‌ಗಳ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾನೆ ಎಂಬ ಜಗಳ ಅಮೆರಿಕದಲ್ಲಿ ಬಹಳ ವರ್ಷಗಳಿಂದ ಎರಡು ಅಂಕಿಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಒಂದು ಪಕ್ಷದವರದು ನಾಲ್ಕು. 2011, 2014, 2020 ಮತ್ತು 2021ರಲ್ಲಿ ಆತ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಅತ್ಯಮೂಲ್ಯ ಆಟಗಾರನಾದ. ಅದಕ್ಕಿಂತ ಹೆಚ್ಚು ಸಲ ಆ ಪ್ರಶಸ್ತಿ ಪಡೆದವನು ಪೇಟನ್ ಮ್ಯಾನಿಂಗ್ ಒಬ್ಬನೇ. ಇನ್ನೊಂದು ಪಕ್ಷದವರದು ಒಂದು. ಅಷ್ಟೆಲ್ಲ ಪ್ರತಿಭೆಗೆ ದಕ್ಕಿದ್ದು ಒಂದೇ ಒಂದು ಸೂಪರ್ ಬೌಲ್, ಅಂದರೆ ಲೀಗಿನ ಅಂತಿಮ ಪಂದ್ಯದ ಗೆಲುವು; ಟಾಮ್ ಬ್ರೇಡಿಗೆ ಏಳು, ಜೋ ಮೊಂಟಾನಾಗೆ ನಾಲ್ಕು. ಮೊದಲ ಪಕ್ಷ ಆಟಗಾರನನ್ನು ತಂಡದಿಂದ ಬಿಡಿಸಿ ನೋಡುತ್ತದೆ, ಎರಡನೆಯದು ಇಡೀ ತಂಡವನ್ನು ಒಬ್ಬನ ಹೆಗಲ ಮೇಲೆ ಹೇರುತ್ತದೆ. ಇಬ್ಬರೂ ಆಟವನ್ನು ಬಿಟ್ಟು ಕಪಾಟು ನೋಡುತ್ತಿದ್ದಾರೆ ಎಂಬುದು ನನ್ನ ತಕರಾರು.

ಈ ಆಟದ ಪರಿಚಯವಿಲ್ಲದವರಿಗೆ ಒಂದೆರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ದಾಳಿಯೂ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದಲೇ ಶುರು. ಚೆಂಡು ಕೈಗೆ ಬಂದ ಮೇಲೆ ಅವನಿಗೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಅಷ್ಟರಲ್ಲಿ ಓಡುತ್ತಿರುವ ತನ್ನವರಲ್ಲಿ ಯಾರು ಬಿಡುವಾಗಿದ್ದಾರೆ ಎಂದು ಕಂಡುಕೊಂಡು ಎಸೆಯಬೇಕು. ಎಸೆದದ್ದು ಎದುರಾಳಿಯ ಕೈ ಸೇರಿದರೆ ಅದು ಇಂಟರ್‌ಸೆಪ್ಷನ್. ಎಸೆಯುವ ಮೊದಲೇ ಅವರು ಇವನನ್ನು ನೆಲಕ್ಕೆ ಕೆಡವಿದರೆ ಸ್ಯಾಕ್. ಈ ಎರಡು ಪದ ನೆನಪಿದ್ದರೆ ಮುಂದಿನ ಮಾತಿಗೆ ಸಾಕು.

ಸೂಪರ್ ಬೌಲ್‌ಗಳನ್ನು ಎಣಿಸಿ ಶ್ರೇಷ್ಠತೆ ಅಳೆಯುವವರ ಜೊತೆ ಹೆಚ್ಚು ಹೊತ್ತು ವಾದಿಸಬೇಕಿಲ್ಲ. 2000ದ ಋತುವಿನಲ್ಲಿ ಬಾಲ್ಟಿಮೋರ್ ರೇವನ್ಸ್ ಪರ ಟ್ರೆಂಟ್ ಡಿಲ್ಫರ್ ಒಂದು ಗೆದ್ದ. ಗೆದ್ದ ಬೆನ್ನಿಗೇ ತಂಡ ಅವನನ್ನು ಕೈಬಿಟ್ಟಿತು. ಡ್ಯಾನ್ ಮರೀನೊ ಒಂದೂ ಗೆಲ್ಲಲಿಲ್ಲ. ಡಿಲ್ಫರ್ ಮರೀನೊಗಿಂತ ದೊಡ್ಡವನು ಎನ್ನುವವರನ್ನು ನಾನಂತೂ ಕಂಡಿಲ್ಲ. ಆದರೂ ರಾಡ್ಜರ್ಸ್ ವಿಷಯ ಬಂದಾಗ ಇದೇ ಅಳತೆಗೋಲು ಮತ್ತೆ ಮತ್ತೆ ಹೊರಬರುತ್ತದೆ. ಹಾಗಾಗಿ ಸೂಪರ್ ಬೌಲ್‌ಗೆ ಒಯ್ಯುವ ಪ್ಲೇಆಫ್ ಪಂದ್ಯಗಳಲ್ಲಿನ ಆತನ ಸೋಲುಗಳನ್ನೇ ಒಂದೊಂದಾಗಿ ಬಿಚ್ಚಿ ನೋಡುವುದು ಒಳ್ಳೆಯದು.

2010ರ ಜನವರಿಯಲ್ಲಿ ಅರಿಝೋನಾ ವಿರುದ್ಧ ಆತನ ತಂಡ ಗ್ರೀನ್ ಬೇ ಪ್ಯಾಕರ್ಸ್ 45 ಅಂಕ ಗಳಿಸಿಯೂ 51 ಬಿಟ್ಟುಕೊಟ್ಟು ಸೋತಿತು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ 31 ಗಳಿಸಿ 45 ಕೊಟ್ಟಿತು. ಎದುರಾಳಿ ಕ್ವಾರ್ಟರ್‌ಬ್ಯಾಕ್ ಕಾಲಿನ್ ಕ್ಯಾಪರ್ನಿಕ್ ಆ ದಿನ ಓಡಿಯೇ 181 ಗಜ ಗಳಿಸಿದ. 2015ರ ಜನವರಿಯ ಸಿಯಾಟಲ್ ಪಂದ್ಯ ಇವೆಲ್ಲಕ್ಕಿಂತ ಕೆಟ್ಟದ್ದು. ಮೀನಖಂಡದ ಗಾಯದಿಂದ ಕುಂಟುತ್ತಲೇ ಆಡಿದ ರಾಡ್ಜರ್ಸ್‌ನ ತಂಡ ಅರ್ಧ ಪಂದ್ಯಕ್ಕೆ 16-0 ಮುಂದಿತ್ತು. ಎದುರಾಳಿ ರಸೆಲ್ ವಿಲ್ಸನ್ ನಾಲ್ಕು ಇಂಟರ್‌ಸೆಪ್ಷನ್ ಕೊಟ್ಟಿದ್ದ. ಗೋಲಿನ ಗೆರೆಗೆ ಒಂದೇ ಗಜ ಬಾಕಿಯಿದ್ದಾಗಲೂ ಕೋಚ್ ಮೈಕ್ ಮೆಕಾರ್ತಿ ಗೆರೆ ದಾಟುವ ಟಚ್‌ಡೌನ್‌ಗೆ ಹೋಗದೆ ಮೂರು ಅಂಕದ ಫೀಲ್ಡ್ ಗೋಲ್ ಸಾಕೆಂದ. ಕೊನೆಯ ನಿಮಿಷಗಳಲ್ಲಿ ಸಿಯಾಟಲ್ ಒದ್ದ ಮೋಟು ಕಿಕ್ ಪ್ಯಾಕರ್ಸ್‌ನ ಬ್ರ್ಯಾಂಡನ್ ಬಾಸ್ಟಿಕ್‌ನ ಕೈಗೆ ಬಂದೂ ಜಾರಿತು. 22-22ಕ್ಕೆ ಸಮವಾಗಿ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು, ನಾಣ್ಯ ಸಿಯಾಟಲ್ ಕಡೆ ಬಿತ್ತು, ರಾಡ್ಜರ್ಸ್‌ಗೆ ಚೆಂಡು ಮುಟ್ಟುವ ಅವಕಾಶವೇ ಬರಲಿಲ್ಲ.

ಮುಂದಿನ ಕತೆಯನ್ನು ಏಳು ಸೂಪರ್ ಬೌಲ್‌ಗಳ ಜಪ ಮಾಡುವವರು ಹೇಳುವುದಿಲ್ಲ. ಅದೇ ಸಿಯಾಟಲ್ ಎರಡು ವಾರದ ಬಳಿಕ ಸೂಪರ್ ಬೌಲ್‌ನಲ್ಲಿ ಬ್ರೇಡಿಯ ಪೇಟ್ರಿಯಟ್ಸ್ ಎದುರು ಆಡಿತು. ಅಲ್ಲೂ ಕೊನೆಯ ಗಳಿಗೆಯಲ್ಲಿ ಗೆಲುವು ಸಿಯಾಟಲ್‌ನಿಂದ ಒಂದು ಗಜ ದೂರದಲ್ಲಿತ್ತು. ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗ ನುಗ್ಗಿ ಚೆಂಡು ಕಸಿದುಕೊಂಡ; ಬ್ರೇಡಿಯ ಹೆಸರಿಗೆ ನಾಲ್ಕನೆಯ ಪ್ರಶಸ್ತಿ ಸೇರಿತು. ಬ್ರೇಡಿ ಆಗ ಗೆರೆಯಾಚೆ ನಿಂತು ನೋಡುತ್ತಿದ್ದ, ಬಾಸ್ಟಿಕ್ ಚೆಂಡು ಬಿಟ್ಟಾಗ ರಾಡ್ಜರ್ಸ್ ನಿಂತಿದ್ದ ಹಾಗೆಯೇ. ಬಟ್ಲರ್‌ನ ಕೈಯನ್ನು ಬ್ರೇಡಿಯ ಜಮೆಗೂ ಬಾಸ್ಟಿಕ್‌ನ ಕೈಯನ್ನು ರಾಡ್ಜರ್ಸ್‌ನ ಖರ್ಚಿಗೂ ಬರೆಯುವುದು ಯಾವ ನ್ಯಾಯ?

ಮರುವರ್ಷ ಅರಿಝೋನಾದಲ್ಲೂ ಹಾಗೆಯೇ. ಕೊನೆಯ ಸೆಕೆಂಡಿನಲ್ಲಿ ಆಕಾಶಕ್ಕೆಸೆದ ಚೆಂಡನ್ನು ಜೆಫ್ ಜಾನಿಸ್ ಹಿಡಿದು ಪಂದ್ಯ ಸಮವಾಯಿತು. ಹೆಚ್ಚುವರಿ ಸಮಯದ ಮೊದಲ ಆಟದಲ್ಲೇ ಅರಿಝೋನಾದ ಲ್ಯಾರಿ ಫಿಟ್ಜ್‌ಜೆರಾಲ್ಡ್ 75 ಗಜ ಓಡಿದ. ರಾಡ್ಜರ್ಸ್ ಮತ್ತೆ ಬೆಂಚಿನಲ್ಲೇ ಉಳಿದ. ಪ್ಲೇಆಫ್‌ನ ಹೆಚ್ಚುವರಿ ಸಮಯದಲ್ಲಿ ಇಬ್ಬರಿಗೂ ಒಮ್ಮೆಯಾದರೂ ಚೆಂಡು ಸಿಗಬೇಕು ಎಂಬ ನಿಯಮ ಬಂದದ್ದು 2022ರಲ್ಲಿ.

ಇಷ್ಟು ಹೇಳಿದ ಮೇಲೆ ನಾನು ಆತನ ವಕೀಲನಂತೆ ಕಾಣಬಹುದು. ಆದರೆ ಕಡತದಲ್ಲಿ ಇನ್ನೆರಡು ಪಂದ್ಯಗಳಿವೆ, ಅವುಗಳಿಗೆ ಈ ಸಮಜಾಯಿಷಿ ಒಗ್ಗುವುದಿಲ್ಲ. ಎರಡೂ ನಡೆದದ್ದು ಗ್ರೀನ್ ಬೇಯ ಲ್ಯಾಂಬೋ ಮೈದಾನದಲ್ಲಿ, ಜನವರಿಯ ಚಳಿಯಲ್ಲಿ, ಆತ ಅತ್ಯಮೂಲ್ಯ ಆಟಗಾರನೆನಿಸಿಕೊಂಡ ವರ್ಷಗಳಲ್ಲೇ.

2021ರ ಜನವರಿ 24, ಎದುರಿಗೆ ಬ್ರೇಡಿಯ ಟ್ಯಾಂಪಾ ಬೇ. ದ್ವಿತೀಯಾರ್ಧದಲ್ಲಿ ಬ್ರೇಡಿ ಮೂರು ಇಂಟರ್‌ಸೆಪ್ಷನ್ ಎಸೆದ. ಪ್ಲೇಆಫ್‌ನಲ್ಲಿ ಎದುರಾಳಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇನ್ನಾರೂ ಕೊಡಲಾರರು. ಮೊದಲನೆಯದನ್ನು ಪ್ಯಾಕರ್ಸ್ ಟಚ್‌ಡೌನ್ ಆಗಿಸಿತು. ಉಳಿದೆರಡು ಸಲ ಹತ್ತು ಗಜವೂ ಸಾಗದೆ ಚೆಂಡು ವಾಪಸ್ ಒದೆಯಿತು. ಕೊನೆಗೆ ಎಂಟು ಅಂಕ ಹಿಂದಿದ್ದಾಗ, ಗೋಲಿಗೆ ಎಂಟು ಗಜ ಉಳಿದಿದ್ದಾಗ, ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದರಲ್ಲಿ ರಾಡ್ಜರ್ಸ್ ಮುಂದೆ ಖಾಲಿ ಜಾಗ ತೆರೆದುಕೊಂಡಿತು. ಆತ ಓಡಲಿಲ್ಲ. ಕಿಕ್ಕಿರಿದ ಕಡೆಗೆ, ತನ್ನ ನೆಚ್ಚಿನ ರಿಸೀವರ್ ಡೇವಾಂಟೆ ಆ್ಯಡಮ್ಸ್‌ನತ್ತ ಎಸೆದ. ಚೆಂಡು ನೆಲ ಸೇರಿತು. ಕೋಚ್ ಮ್ಯಾಟ್ ಲಾಫ್ಲರ್ ನಾಲ್ಕನೇ ಪ್ರಯತ್ನದಲ್ಲಿ ಫೀಲ್ಡ್ ಗೋಲ್‌ಗೆ ಕೈಚಾಚಿ ಇಂದಿಗೂ ಬೈಸಿಕೊಳ್ಳುತ್ತಿದ್ದಾನೆ. ಬೈಗುಳಕ್ಕೆ ಅವನು ಅರ್ಹನೇ. ಆದರೆ ಅದಕ್ಕಿಂತ ಒಂದು ಆಟ ಮುಂಚೆ ನಿರ್ಧಾರ ರಾಡ್ಜರ್ಸ್‌ನ ಕೈಯಲ್ಲಿತ್ತು. ಪಂದ್ಯ 31-26.

ಮುಂದಿನ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ 13-10. ಒದ್ದ ಚೆಂಡು ತಡೆಸಿಕೊಂಡು ಟಚ್‌ಡೌನ್ ಬಿಟ್ಟುಕೊಟ್ಟದ್ದು ಗ್ರೀನ್ ಬೇಯ ಕಿಕ್ ವಿಭಾಗದ ದೋಷ, ಸರಿ. ಆದರೆ ಆ ದಿನ ರಾಡ್ಜರ್ಸ್‌ನ ಎಸೆತ ತಲುಪಿದ್ದು 20. ಅದರಲ್ಲಿ 18 ಇಬ್ಬರಿಗೇ, ಆ್ಯಡಮ್ಸ್ ಮತ್ತು ಆ್ಯರನ್ ಜೋನ್ಸ್‌ಗೆ. ಬೇರೆಯವರು ಮೈದಾನದಲ್ಲಿ ಇದ್ದರೂ ಇಲ್ಲದಂತೆ. ಕೊನೆಯ ದಾಳಿಯಲ್ಲಿ 10-10 ಇದ್ದಾಗ, ಇಬ್ಬರು ಕಾವಲುಗಾರರ ನಡುವಿದ್ದ ಆ್ಯಡಮ್ಸ್‌ಗೆ ಉದ್ದದ ಚೆಂಡು ಎಸೆದ. ಇತ್ತ ಆ್ಯಲನ್ ಲಝಾರ್ಡ್ ಬಿಡುವಾಗಿ ಓಡುತ್ತಿದ್ದ.

ಇಲ್ಲಿಂದ ನನ್ನ ನಿಜವಾದ ವಾದ. ರಾಡ್ಜರ್ಸ್‌ನ ದೊಡ್ಡ ಗುಣ ಯಾವುದೋ ಆತನ ಮಿತಿಯೂ ಅದೇ: ತಪ್ಪು ಮಾಡಲು ಆತ ಒಪ್ಪುವುದಿಲ್ಲ. ಪ್ಯಾಕರ್ಸ್ ಪರ ಆತ ಎಸೆದದ್ದು 475 ಟಚ್‌ಡೌನ್, ಕೊಟ್ಟ ಇಂಟರ್‌ಸೆಪ್ಷನ್ ಬರೀ 105. 2011ರಲ್ಲಿ 45ಕ್ಕೆ 6, 2020ರಲ್ಲಿ 48ಕ್ಕೆ 5. ಅದೇ ಊರಿನಲ್ಲಿ ಆತನಿಗಿಂತ ಮುಂಚೆ ಆಡಿದ ಬ್ರೆಟ್ ಫಾರ್ವ್ ತನ್ನ ವೃತ್ತಿಜೀವನದಲ್ಲಿ 336 ಇಂಟರ್‌ಸೆಪ್ಷನ್ ಎಸೆದು ಯಾರಿಗೂ ಬೇಡವಾದ ದಾಖಲೆ ಹೊತ್ತವನು. 2005ರಲ್ಲಿ, ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲಿಗನಾಗಬಹುದು ಎಂದುಕೊಂಡು ನ್ಯೂಯಾರ್ಕ್‌ಗೆ ಬಂದ ರಾಡ್ಜರ್ಸ್ 24ನೆಯವನಾಗಿ ಆಯ್ಕೆಯಾದ. ಮೂರು ವರ್ಷ ಫಾರ್ವ್‌ನ ಹಿಂದೆ ಬೆಂಚು ಕಾದ. 2008ರ ಜನವರಿಯಲ್ಲಿ ಸೂಪರ್ ಬೌಲ್‌ನ ಹೊಸ್ತಿಲಲ್ಲಿ, ಹೆಚ್ಚುವರಿ ಸಮಯದಲ್ಲಿ ಫಾರ್ವ್ ಎಸೆದ ಚೆಂಡು ಜಯಂಟ್ಸ್ ಪಾಲಾದುದನ್ನು ಗೆರೆಯಾಚೆ ನಿಂತು ನೋಡಿದ. ಹೇಗೆ ಸೋಲಬಾರದು ಎಂಬ ಪಾಠ ಆಗಲೇ ಆತನ ಮೈಗೆ ಹತ್ತಿತೇನೋ. ಇದು ನನ್ನ ಊಹೆಯಷ್ಟೇ.

ಆ ಕೈಯ ಸೊಗಸನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಮಣಿಕಟ್ಟಿನ ಒಂದೇ ಕೊಡಹುವಿಕೆ, ಕಾಲು ನೆಲಕ್ಕೆ ಊರಿರದಿದ್ದರೂ ಗುರಿ ತಪ್ಪದ ಚೆಂಡು. ಇಂಥ ಎಸೆತಗಾರ ಆ ಮೊದಲು ಇರಲಿಲ್ಲ ಎಂದು ನಾನು ಅಳುಕಿಲ್ಲದೆ ಹೇಳುತ್ತೇನೆ. ಮರೀನೊನ ವೇಗವನ್ನೂ ಮೊಂಟಾನಾನ ನವಿರನ್ನೂ ಒಂದೇ ತೋಳಿನಲ್ಲಿ ಕಂಡಂತಾಗುತ್ತಿತ್ತು.

ಆದರೆ ಆತನ ಅಭಿಮಾನಿಗಳು ಎತ್ತಿ ಹಿಡಿಯುವ ಪಾಸರ್ ರೇಟಿಂಗ್ ಎಂಬ ಅಂಕಿಯ ಒಳಗೆ ಕಣ್ಣು ಹಾಯಿಸಿ. 2011ರಲ್ಲಿ ಆತ ಗಳಿಸಿದ 122.5 ಒಂದು ಋತುವಿನ ದಾಖಲೆ. ಎನ್‌ಎಫ್‌ಎಲ್ 1973ರಲ್ಲಿ ಒಪ್ಪಿಕೊಂಡ ಈ ಸೂತ್ರ ಎಸೆತ ತಲುಪಿದ ಪ್ರಮಾಣ, ಗಳಿಸಿದ ಗಜ, ಟಚ್‌ಡೌನ್, ಇಂಟರ್‌ಸೆಪ್ಷನ್ ಇವಿಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಸ್ಯಾಕ್‌ಗೆ ಅಲ್ಲಿ ಜಾಗವಿಲ್ಲ. ಯಾರೂ ಬಿಡುವಾಗಿಲ್ಲವೆಂದು ಚೆಂಡನ್ನು ಕೈಯಲ್ಲೇ ಹಿಡಿದು ಬಿದ್ದರೆ ತಂಡ ಏಳೆಂಟು ಗಜ ಕಳೆದುಕೊಳ್ಳುತ್ತದೆ, ಎಸೆದವನ ರೇಟಿಂಗ್ ಮಾತ್ರ ಕೂದಲೂ ಕೊಂಕುವುದಿಲ್ಲ. ನಾಟ್‌ಔಟ್‌ಗಳಿಂದ ಸರಾಸರಿ ಉಬ್ಬಿಸಿಕೊಂಡ ಬ್ಯಾಟ್ಸ್‌ಮನ್‌ಗಳನ್ನು ನಾವು ಕ್ರಿಕೆಟ್‌ನಲ್ಲಿ ಬಲ್ಲೆವಲ್ಲ, ಹಾಗೆ. 2009ರಲ್ಲಿ ರಾಡ್ಜರ್ಸ್ 50 ಸಲ, 2012ರಲ್ಲಿ 51 ಸಲ ಸ್ಯಾಕ್ ಆದ. ಎಲ್ಲದಕ್ಕೂ ಆತನೇ ಹೊಣೆಯಲ್ಲ. ಮುಂದೆ ನಿಂತು ಕಾಯುವವರೂ ಸೋತಿರುತ್ತಾರೆ. ಆದರೆ ಸಂಶಯವಿದ್ದಾಗ ಎಸೆಯದಿರುವುದೇ ಆತನ ಸ್ವಭಾವವಾಗಿತ್ತು. ಆ್ಯಡಮ್ಸ್‌ನನ್ನೇ ಮತ್ತೆ ಮತ್ತೆ ಹುಡುಕಿದ್ದು ಇದರದೇ ಇನ್ನೊಂದು ರೂಪ: ನಂಬಿಕೆಯ ಕೈಗಷ್ಟೇ ಚೆಂಡು ಕೊಡಬೇಕೆಂಬ ಹಟ. ಆತ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಆಗಿದ್ದಷ್ಟು ಕಾಲವೂ ಪ್ಯಾಕರ್ಸ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಒಬ್ಬ ರಿಸೀವರ್‌ನನ್ನೂ ಆರಿಸಲಿಲ್ಲ ಎಂಬ ಆತನ ಕಡೆಯವರ ದೂರು ನಿಜವೇ. ಹಾಗೆಂದು ಇದ್ದವರನ್ನು ಕಾಣದಿರಲು ಅದು ನೆಪವಾಗುವುದಿಲ್ಲ.

ಆತನ ಅತ್ಯಂತ ಬೆರಗಿನ ಎಸೆತಗಳನ್ನು ನೆನೆಯಿರಿ. 2015ರ ಡಿಸೆಂಬರ್‌ನಲ್ಲಿ ಡೆಟ್ರಾಯಿಟ್ ವಿರುದ್ಧ ಗಡಿಯಾರ ನಿಂತ ಮೇಲೆ ಎಸೆದ 61 ಗಜದ ಚೆಂಡು. ಅರಿಝೋನಾದಲ್ಲಿ ಜಾನಿಸ್‌ಗೆ ಎಸೆದದ್ದು. ಮತ್ತು ಕರೆಯ ಸ್ವರವನ್ನೇ ಏರಿಳಿಸಿ ಎದುರಾಳಿಯನ್ನು ಗೆರೆ ದಾಟಿಸಿ, ದಂಡದ ಬಾವುಟ ಬಿದ್ದದ್ದು ಕಾಣುತ್ತಲೇ ಉದ್ದಕ್ಕೆ ಬೀಸುತ್ತಿದ್ದ ಅವೆಷ್ಟೋ ‘ಫ್ರೀ ಪ್ಲೇ’ಗಳು. ಆ ಕಲೆಯಲ್ಲಿ ಆತನನ್ನು ಮೀರಿಸಿದವರಿಲ್ಲ. ಇವೆಲ್ಲದರಲ್ಲೂ ಒಂದು ಸಮಾನ ಅಂಶವಿದೆ. ತಪ್ಪಿದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಪಂದ್ಯ ಹೇಗೂ ಮುಗಿದಿತ್ತು, ಇಲ್ಲವೇ ಬಾವುಟ ಬಿದ್ದಿದ್ದರಿಂದ ಇಂಟರ್‌ಸೆಪ್ಷನ್ ಲೆಕ್ಕಕ್ಕಿರಲಿಲ್ಲ. ತಪ್ಪಿಗೆ ಬೆಲೆ ಇಲ್ಲದ ಕಡೆ ಆತ ಎಲ್ಲರಿಗಿಂತ ಧಾರಾಳಿ, ಬೆಲೆ ಇರುವ ಕಡೆ ಎಲ್ಲರಿಗಿಂತ ಜಿಪುಣ.

ಒಂದು ಎಸೆತ ಈ ಮಾತಿಗೆ ಅಡ್ಡ ನಿಲ್ಲುತ್ತದೆ, ಅದನ್ನು ಮುಚ್ಚಿಡಲಾರೆ. 2011ರ ಫೆಬ್ರುವರಿ 6, ಟೆಕ್ಸಸ್‌ನ ಆರ್ಲಿಂಗ್ಟನ್, ಆತ ಗೆದ್ದ ಏಕೈಕ ಸೂಪರ್ ಬೌಲ್. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಮೂರೇ ಅಂಕ ಹಿಂದಿದೆ. ಮೂರನೇ ಪ್ರಯತ್ನ, ಹತ್ತು ಗಜ ಬೇಕು. ಚೆಂಡು ಎದುರಾಳಿ ಕಾವಲುಗಾರನ ಬೆರಳ ತುದಿಯನ್ನು ಸವರುವಷ್ಟು ಹತ್ತಿರದಿಂದ ಹಾದು ಗ್ರೆಗ್ ಜೆನಿಂಗ್ಸ್‌ನ ಕೈ ಸೇರಿ 31 ಗಜ ತಂದಿತು. ಅಂಗುಲ ತಪ್ಪಿದ್ದರೆ ಪಂದ್ಯವೇ ತಿರುಗುತ್ತಿತ್ತು. ಆ ಋತುವಿನಲ್ಲಿ ಆರನೇ ಶ್ರೇಯಾಂಕದಿಂದ ಹೊರಟು ಮೂರು ಪಂದ್ಯಗಳನ್ನು ಎದುರಾಳಿಗಳ ಊರಿನಲ್ಲೇ ಗೆದ್ದು ಬಂದಿದ್ದ 27ರ ಹುಡುಗನಿಗೆ ಆ ಧೈರ್ಯವಿತ್ತು. ಪ್ರಶಸ್ತಿಗಳು ಕೂಡಿದಂತೆ ಅದು ಕರಗಿತು ಎಂದೇ ನನಗೆ ಅನ್ನಿಸುವುದು.

ಇಂಟರ್‌ಸೆಪ್ಷನ್ ಕೊಡದಿರುವುದೇ ದೋಷವೆಂದು ನಾನು ಹೇಳುತ್ತಿಲ್ಲ. ಮೊಂಟಾನಾ ನಾಲ್ಕು ಸೂಪರ್ ಬೌಲ್‌ಗಳಲ್ಲಿ 122 ಸಲ ಎಸೆದು ಒಂದನ್ನೂ ಕೊಡಲಿಲ್ಲ. ಆದರೆ ಆತ ಚೆಂಡನ್ನು ಬೇಗ ಬಿಡುತ್ತಿದ್ದ, ಸಿಕ್ಕವರಿಗೆಲ್ಲ ಹಂಚುತ್ತಿದ್ದ. ಎಚ್ಚರ ಮತ್ತು ಹಿಂಜರಿಕೆ ಬೇರೆ ಬೇರೆ.

ಇತ್ತೀಚಿನ ವರ್ಷಗಳನ್ನು ಈ ವಿಚಾರಣೆಗೆ ಎಳೆಯುವುದು ವ್ಯರ್ಥ. 2023ರಲ್ಲಿ ಜೆಟ್ಸ್ ಪರ ಮೊದಲ ಪಂದ್ಯದ ನಾಲ್ಕನೇ ಆಟಕ್ಕೇ ಹಿಮ್ಮಡಿಯ ಸ್ನಾಯುರಜ್ಜು ಹರಿದು ಋತು ಮುಗಿಯಿತು. ಮರುವರ್ಷ ತಂಡ ಐದು ಗೆದ್ದು ಹನ್ನೆರಡು ಸೋತಿತು. 2025ರಲ್ಲಿ, ಹಿಂದೆ ತಾನೇ ಸೋಲಿಸಿದ್ದ ಸ್ಟೀಲರ್ಸ್ ಅಂಗಿ ತೊಟ್ಟ. ಜಾನಿ ಯುನೈಟಸ್ ಕೊನೆಗೆ ಸ್ಯಾನ್ ಡಿಯೇಗೊ ತಂಡದಲ್ಲಿ ಏದುಸಿರು ಬಿಟ್ಟಿದ್ದನ್ನು ಯಾರು ನೆನಪಿಟ್ಟಿದ್ದಾರೆ? ಕೋವಿಡ್ ಲಸಿಕೆಯ ಬಗ್ಗೆ 2021ರಲ್ಲಿ ರಾಡ್ಜರ್ಸ್ ಆಡಿದ ಜಾಣ ಮಾತು ನನಗೂ ಹಿಡಿಸಲಿಲ್ಲ. ಚೆಂಡು ಎಸೆಯುವ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ.

ಸ್ಥಾನ ನಿರ್ಧರಿಸಲು ನನಗೆ ನೆರವಾಗುವುದು 2020ರ ಎರಡು ಪಂದ್ಯ. ಆ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 37-20ರಲ್ಲಿ ಪ್ಯಾಕರ್ಸ್ ತಂಡವನ್ನು ಮನೆಗೆ ಕಳಿಸಿತು. ಎರಡು ವಾರದ ನಂತರ ಸೂಪರ್ ಬೌಲ್‌ನಲ್ಲಿ ಅದೇ ರಕ್ಷಣೆಯ ಎದುರು ಕ್ಯಾನ್ಸಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ ಎರಡು ಇಂಟರ್‌ಸೆಪ್ಷನ್ ಕೊಟ್ಟು ಹತ್ತು ಅಂಕ ಹಿಂದಿದ್ದ. ಮೂರನೇ ಪ್ರಯತ್ನ, ಹದಿನೈದು ಗಜ ಬೇಕು. ಆತ ಹಿಂದೆ ಹಿಂದೆ ಸರಿಯುತ್ತಲೇ ಟೈರೀಕ್ ಹಿಲ್‌ಗೆ 44 ಗಜ ಎಸೆದ, ಪಂದ್ಯ ತಿರುಗಿತು, 31-20. ಅಂಥ ಎಸೆತ ರಾಡ್ಜರ್ಸ್‌ನ ತೋಳಿಗೆ ನೀರು ಕುಡಿದಷ್ಟು ಸುಲಭ. ಅದಾಗಲೇ ಎರಡು ಸಲ ಎಡವಿದ ಸಂಜೆಯಲ್ಲಿ ಆತ ಅದನ್ನು ಎಸೆಯುತ್ತಿದ್ದನೇ ಎಂಬುದೇ ನನ್ನ ಅನುಮಾನ. ಬ್ರೇಡಿ, ಮೊಂಟಾನಾ, ಪೇಟನ್ ಮ್ಯಾನಿಂಗ್ ಮತ್ತು ಇನ್ನೂ ಆಡುತ್ತಿರುವ ಮಹೋಮ್ಸ್‌ನ ಹಿಂದೆ, ಮರೀನೊಗಿಂತ ಒಂದು ಹೆಜ್ಜೆ ಮುಂದೆ, ಐದನೆಯವನಾಗಿ ನಾನು ಆತನನ್ನು ನಿಲ್ಲಿಸುತ್ತೇನೆ. ಎಸೆತದ ಕಲೆಯೊಂದನ್ನೇ ಅಳೆಯುವುದಾದರೆ ಮೊದಲನೆಯವನು ಎಂದು ಯಾರಾದರೂ ಹೇಳಿದರೆ, ನಾನು ಜಗಳಕ್ಕೆ ಹೋಗುವುದಿಲ್ಲ.