ಪೂಜೆ, ಯಜ್ಞ, ಆರಾಧನೆ: ಒಂದು ಪದವಿಚಾರ

ಕನ್ನಡದ ಕ್ರೈಸ್ತ ವಾಙ್ಮಯವನ್ನು ವಿಮರ್ಶಿಸುವವರು ಬಹುಮಟ್ಟಿಗೆ ಅದರ ವ್ಯಾಕರಣವನ್ನೂ ಛಂದಸ್ಸನ್ನೂ ಪರೀಕ್ಷಿಸಿ ವಿರಮಿಸುವರು. ದೇವೋಪಾಸನೆಯನ್ನು ಹೇಳುವ ಶಬ್ದಗಳ ಪರೀಕ್ಷೆಯು ಅದಕ್ಕಿಂತಲೂ ಅವಶ್ಯಕವಾದುದು. ಎರಡು ಮತಗಳ ಸಾಮ್ಯ ವೈಷಮ್ಯಗಳು ಅಲ್ಲಿಯೇ ವ್ಯಕ್ತವಾಗುತ್ತವೆ.

ಕ್ರೈಸ್ತೇತರ ಪ್ರಾಚೀನ ಉಪಾಸಕರಿಗೆ ಯೂರೋಪಿನಲ್ಲಿ ಸಂದ 'ಪೇಗನ್' ಎಂಬ ಹೆಸರಿಗೆ ಲ್ಯಾಟಿನ್ ಮೂಲದಲ್ಲಿ ಹಳ್ಳಿಗನೆಂದು ಅರ್ಥ. ಕನ್ನಡ ಬೈಬಲ್ಲು ಇಸ್ರಾಯೇಲರಲ್ಲದವರನ್ನು 'ಅನ್ಯಜನ'ರೆಂದು ಕರೆಯಿತು. ಹೀಗೆ ಹೊರಗಿಟ್ಟವರೆಲ್ಲರ ಪೂಜೆಯೂ ವಿಗ್ರಹಮಾತ್ರವೆಂಬ ಭಾವನೆಯು ರೂಢಿಯಾಯಿತು. ಚಿತ್ರದುರ್ಗದ ಸೀಮೆಯೊಂದನ್ನು ನೋಡಿದರೂ ಈ ಭಾವನೆಯು ನಿಲ್ಲುವುದಿಲ್ಲ. ದುರ್ಗದ ಬೆಟ್ಟದಲ್ಲಿ ಏಕನಾಥೇಶ್ವರಿಗೆ ಗುಡಿಯುಂಟು. ಹೊಳಲ್ಕೆರೆಯ ಗಣಪತಿಯು ಬಯಲಲ್ಲಿಯೇ ಪೂಜೆಗೊಳ್ಳುವನು. ಹಿರಿಯೂರಿನಲ್ಲಿ ಮಲ್ಲೇಶ್ವರನಿಗೆ ತೇರೇ ಹೆಸರಾಗಿ ಸೇರಿದೆ. ವೀರಶೈವರಿಗೆ ಅಂಗೈಯ ಇಷ್ಟಲಿಂಗವೇ ಸಾಕು, ಗುಡಿ ಬೇಡ. ಸ್ಥಾವರವನ್ನು ನಿರಾಕರಿಸುವ ಮಾತು ಕನ್ನಡದಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ವಚನಕಾರರಿಂದ ಹುಟ್ಟಿತು. ಆದುದರಿಂದ ಮೂರ್ತಿಯ ಭಾವಾಭಾವಗಳು ನಿಜವಾದ ಭೇದಕವಲ್ಲ.

ಭೇದವಿರುವುದು ದಾತೃವಿನಲ್ಲಿ. ಆವಾಹನ, ಆಸನ, ಪಾದ್ಯ, ಅರ್ಘ್ಯಾದಿ ಷೋಡಶೋಪಚಾರಗಳಲ್ಲಿ ದೇವನು ಅತಿಥಿ, ಭಕ್ತನು ಗೃಹಸ್ಥ. ಕ್ರೈಸ್ತ ಸಿದ್ಧಾಂತದಲ್ಲಿ ದೇವನೇ ಗೃಹಸ್ಥ. ಬಲಿಯನ್ನು ಆತನೇ ಒಮ್ಮೆಗೇ ಒಪ್ಪಿಸಿದನು, ಭಕ್ತನು ಪಂಕ್ತಿಯಲ್ಲಿ ಕುಳಿತು ಸ್ವೀಕರಿಸತಕ್ಕವನು. ಆದರೆ ಪ್ರಸಾದದಲ್ಲಿ ಈ ಎರಡೂ ಸಂಧಿಸುತ್ತವೆ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಕೊಳದಲ್ಲಿ ಗಂಗೆಯೇ ಭಕ್ತನಿಗೆ ಪ್ರಸಾದವನ್ನು ತೇಲಿಸಿಕೊಡುವಳೆಂಬ ನಂಬುಗೆಯಲ್ಲಿ ದೇವತೆಯೇ ದಾತೃವಾಗಿರುವಳು.

ಇನ್ನು ಶಬ್ದಗಳು. ಕನ್ನಡ ಬೈಬಲ್ಲು ಯಜ್ಞ, ಯಜ್ಞವೇದಿ, ಯಾಜಕ, ಸರ್ವಾಂಗಹೋಮ, ನೈವೇದ್ಯಗಳನ್ನು ಸಂಕೋಚವಿಲ್ಲದೆ ಸ್ವೀಕರಿಸಿದೆ. ಕಿಟ್ಟೆಲ್ ಪಂಡಿತರೂ 1872ರಲ್ಲಿ ಯಜ್ಞವನ್ನು ಕುರಿತ ತಮ್ಮ ಗ್ರಂಥಕ್ಕೆ 'ಯಜ್ಞಸುಧಾನಿಧಿ' ಎಂದು ಹೆಸರಿಟ್ಟರು. 'ಪೂಜೆ'ಯ ವಿಷಯದಲ್ಲಿ ಮಾತ್ರ ಪ್ರಾಟೆಸ್ಟೆಂಟರು ಹಿಂಜರಿದು, ತಮ್ಮ ಸಭೆಯ ಉಪಾಸನೆಗೆ 'ಆರಾಧನೆ' ಎಂದರು. ಈ ವಿಭಾಗವು ಶಾಸ್ತ್ರಸಮ್ಮತವಲ್ಲ. ಧಾತುಪಾಠವು 'ಯಜ್' ಧಾತುವಿಗೆ ಹೇಳುವ ಅರ್ಥಗಳು ಮೂರು: ದೇವಪೂಜೆ, ಸಂಗತೀಕರಣ, ದಾನ. ಯಜ್ಞವನ್ನು ಒಳಗೆ ಕರೆದವರು ಪೂಜೆಯನ್ನು ಬಾಗಿಲಲ್ಲಿ ತಡೆದು ಫಲವೇನು? 'ವಿಗ್ರಹಾರಾಧನೆ' ಎಂಬ ನಿಷೇಧಪದದಲ್ಲಿ ಅದೇ 'ಆರಾಧನೆ'ಯು ಸೇರಿರುವುದರಿಂದ ಆ ಶಬ್ದಕ್ಕೂ ವಿಶೇಷ ಶುದ್ಧಿಯು ಸಿದ್ಧಿಸಲಿಲ್ಲ. ಕಥೋಲಿಕರಾದರೋ 'ಬಲಿಪೂಜೆ' ಎಂದು ಎರಡನ್ನೂ ಕೂಡಿಸಿಕೊಂಡರು. ಶಬ್ದದ ದೃಷ್ಟಿಯಿಂದ ಇದೇ ಸರಳವಾದ ಮಾರ್ಗ.

ಆದರೂ 'ಆರಾಧನೆ'ಗೆ ಒಂದು ಗುಣವುಂಟು. ಮಾಧ್ವಮಠಗಳಲ್ಲಿ ಗುರುಗಳ ಪುಣ್ಯದಿನಕ್ಕೂ ಇದೇ ಹೆಸರು. ಅಗಲಿದವರನ್ನು ನೆನೆದು ಕೂಡಿ ಉಣ್ಣುವ ಆ ಆಚಾರದ ಧ್ವನಿಯು, ಕ್ರಿಸ್ತನ ಕಡೆಯ ಭೋಜನದ ಸ್ಮರಣೆಗೆ ಅನುವಾದಕರು ಎಣಿಸದೆಯೇ ಒದಗಿತು.

ಮತವು ಹೊಸದಾದರೂ ಭಾಷೆಯು ಹಳೆಯದು; ಅದು ತನ್ನ ಅರ್ಥಗಳನ್ನು ಬಿಟ್ಟುಕೊಟ್ಟು ಸೇವೆಗೆ ಬರುವುದಿಲ್ಲ. ಬೈಬಲಿನ ಕನ್ನಡವನ್ನು ಪಾಠಹೇಳುವ ಅಧ್ಯಾಪಕರು 'ಪೂಜೆ'ಯನ್ನು ಹೀನಪದವೆಂದೂ 'ಆರಾಧನೆ'ಯನ್ನು ಉತ್ತಮಪದವೆಂದೂ ವಿದ್ಯಾರ್ಥಿಗಳಿಗೆ ತಿಳಿಸಿದರೆ, ಒಂದು ಮತದ ರೂಢಿಯನ್ನು ಭಾಷೆಯ ನಿಯಮವೆಂದು ಕಲಿಸಿದಂತಾಗುವುದು.