ಗುರುಕಣ ಚಿಕಿತ್ಸೆಯಲ್ಲಿ ‘ಮಾತ್ರೆ’ ಎಂಬ ಶಬ್ದದ ವಿಚಾರ

ಅರ್ಬುದಕ್ಕೆ, ಎಂದರೆ ಕ್ಯಾನ್ಸರಿಗೆ, ಇಂಗಾಲವೇ ಮೊದಲಾದ ಗುರುಕಣಗಳಿಂದ ಮಾಡುವ ಚಿಕಿತ್ಸೆಯನ್ನು ಹೊಗಳುವ ಬರಹಗಳಲ್ಲಿ ಎರಡು ಪ್ರತಿಜ್ಞೆಗಳು ಒಂದರಲ್ಲೊಂದು ಬೆರೆತಿರುವುವು. ಕಣವು ರೋಗಸ್ಥಾನದಲ್ಲಿಯೇ ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ಸುರಿಯುವುದೆಂಬುದು ಒಂದು. ಆದುದರಿಂದ ರೋಗಿಯು ಹೆಚ್ಚು ಕಾಲ ಬದುಕುವನೆಂಬುದು ಇನ್ನೊಂದು. ಮೊದಲನೆಯದು ಸಿದ್ಧವಾದುದು. ಎರಡನೆಯದನ್ನು ಅದರಿಂದಲೇ ಸಾಧಿಸಹೊರಡುವುದು ಹೇತುವಿಲ್ಲದ ಅನುಮಾನ.

ಚಿಕಿತ್ಸೆಯಲ್ಲಿ ಮೊದಲನೆಯದರ ಉಪಯೋಗವನ್ನು ನಿರೂಪಿಸಿದುದು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲಿ ‘ರೇಡಿಯಾಲಜಿ’ ಪತ್ರಿಕೆಯಲ್ಲಿ ಬರೆದ ಲೇಖನ. ಕ್ಷ-ಕಿರಣವು ದೇಹದ ಒಳಹೊಕ್ಕಂತೆಲ್ಲ ಕುಂದುತ್ತ ಹೋಗುವುದು. ವಿದ್ಯುದಾವೇಶವುಳ್ಳ ಕಣವಾದರೋ ವೇಗವಿಳಿದಷ್ಟೂ ಹೆಚ್ಚು ಶಕ್ತಿಯನ್ನು ಬಿಡುವುದರಿಂದ, ನಿಲ್ಲುವ ತಾಣದ ಬಳಿಯಲ್ಲಿ ಅದರ ಉಗ್ರತೆಯು ಪರಾಕಾಷ್ಠೆಯನ್ನು ಮುಟ್ಟುವುದು. ಇದಕ್ಕೆ ಬ್ರ್ಯಾಗ್ ಶಿಖರವೆಂದು ಹೆಸರು. ಲೇಖನದಲ್ಲಿ ಪ್ರೋಟಾನಿನ ವಿಚಾರವೇ ಪ್ರಧಾನ. ಇಂಗಾಲದ ಪ್ರಸ್ತಾಪ ಸೂಚನೆಯಾಗಿ ಮಾತ್ರ ಬಂದಿದೆ. ಆ ಸಂಯಮವು ಅನಂತರದ ಬರಹಗಾರರೆಲ್ಲರಲ್ಲಿಯೂ ಉಳಿಯಲಿಲ್ಲ.

ಜಪಾನಿನ ಚಿಬಾದಲ್ಲಿ 1994ರಿಂದಲೂ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1997ರಿಂದಲೂ ಇಂಗಾಲದ ಪರಮಾಣುಬೀಜವನ್ನು ರೋಗಿಗಳ ಮೇಲೆ ಪ್ರಯೋಗಿಸಲಾಯಿತು. ಅದು ಪ್ರೋಟಾನಿಗಿಂತ ಸುಮಾರು 12 ಪಾಲು ಭಾರವಾದುದು, 6 ಪಾಲು ಆವೇಶವುಳ್ಳುದು. ಪಕ್ಕಕ್ಕೆ ಚೆದರುವುದು ಕಡಮೆ. ದಾರಿಯ ಕೊನೆಯಲ್ಲಿ ಜೀವಕೋಶದ ಡಿ.ಎನ್.ಎ. ಎಳೆಗಳನ್ನು ಒತ್ತೊತ್ತಾಗಿ ಕಡಿಯುವುದರಿಂದ ಕೋಶವು ಅವನ್ನು ಮರಳಿ ಹೆಣೆದುಕೊಳ್ಳುವುದು ಕಷ್ಟ. ಆಮ್ಲಜನಕವು ವಿರಳವಾದ ಗೆಡ್ಡೆಯಲ್ಲಿಯೂ ಇದರ ಬಲ ಅಷ್ಟಾಗಿ ಕುಗ್ಗದು.

ತೊಡಕು ಹುಟ್ಟುವುದೂ ಇಲ್ಲಿಯೇ. ‘ಮಾತ್ರೆ’ ಎಂದರೆ (ಗುಳಿಗೆಯಲ್ಲ) ದೇಹವು ಹೀರಿದ ವಿಕಿರಣಶಕ್ತಿಯ ಅಳತೆ. ಅದರ ಮಾನ ಗ್ರೇ. ಕ್ಷ-ಕಿರಣದ ಒಂದು ಗ್ರೇಯೂ ಇಂಗಾಲದ ಒಂದು ಗ್ರೇಯೂ ಶಕ್ತಿಯಲ್ಲಿ ಸಮ, ಫಲದಲ್ಲಿ ಅಸಮ. ಆದುದರಿಂದ ಅಳತೆಯನ್ನು ಜೈವಿಕ ಪರಿಣಾಮದ ಗುಣಕದಿಂದ ಹೆಚ್ಚಿಸಿ ಬರೆಯುವ ಪದ್ಧತಿಯುಂಟು. ಆ ಗುಣಕವೋ ಆಳಕ್ಕೆ ತಕ್ಕಂತೆ, ಕೋಶದ ಜಾತಿಗೆ ತಕ್ಕಂತೆ ಬದಲಾಗುವಂಥದು. ಚಿಬಾದವರು ಅದನ್ನು ಕೋಶಪ್ರಯೋಗಗಳಿಂದಲೂ ಹಿಂದಿನ ನ್ಯೂಟ್ರಾನ್ ಚಿಕಿತ್ಸೆಯ ಅನುಭವದಿಂದಲೂ ನಿರ್ಣಯಿಸಿದರು. ಡಾರ್ಮ್‌ಸ್ಟಾಟಿನವರು ಕಣದ ಜಾಡಿನ ಸುತ್ತಣ ಶಕ್ತಿವಿತರಣೆಯನ್ನು ಲೆಕ್ಕಹಾಕಿ ಪಡೆದರು. ಬರೆಯುವ ಮಾನ ಒಂದೇ, ಅರ್ಥ ಎರಡು. ಇಟಲಿಯ ಪಾವಿಯಾ ಕೇಂದ್ರವು ಜಪಾನಿನ ಕ್ರಮವನ್ನು ಕೈಕೊಂಡಾಗ ಅಂಕೆಗಳನ್ನು ಪರಿವರ್ತಿಸಬೇಕಾಯಿತು. ಪರಿವರ್ತನೆಯಿಲ್ಲದೆ ಎರಡು ದೇಶಗಳ ಫಲಿತಾಂಶಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸಿದ ಬರಹವು ಸೇರನ್ನೂ ಪಾವನ್ನೂ ಒಂದೆಂದು ಎಣಿಸಿದಂತೆ.

ಗುರಿಯನ್ನು ಮುಟ್ಟಿ ನಿಂತುಬಿಡುವ ಬಾಣವೆಂಬ ಉಪಮೆಯೂ ಪೂರ್ಣವಾಗಿ ಸಲ್ಲದು. ಇಂಗಾಲದ ಕಣಗಳಲ್ಲಿ ಕೆಲವು ದಾರಿಯಲ್ಲಿ ಒಡೆಯುವುವು. ಹಗುರವಾದ ಚೂರುಗಳು ಶಿಖರವನ್ನು ದಾಟಿ ಆಚೆಗೂ ಹೋಗುವುವು. ಪ್ರೋಟಾನಿಗೆ ಈ ಬಾಲವಿಲ್ಲ.

ತಲೆಬುರುಡೆಯ ಬುಡದಲ್ಲಿ ಹುಟ್ಟುವ ಕಾರ್ಡೋಮ ಮೊದಲಾದ, ಕ್ಷ-ಕಿರಣಕ್ಕೆ ಸುಲಭವಾಗಿ ಬಗ್ಗದ ಗೆಡ್ಡೆಗಳಲ್ಲಿ ಈ ಚಿಕಿತ್ಸೆಯು ಒಳ್ಳೆಯ ಫಲ ಕೊಟ್ಟ ವರದಿಗಳಿರುವುವು, ಅವನ್ನು ಅಲ್ಲಗಳೆಯಲಾಗದು. ಆದರೆ ಅವುಗಳಲ್ಲಿ ಹಲವು, ಆರಿಸಿಕೊಂಡ ರೋಗಿಗಳ ಫಲವನ್ನು ಹಿಂದಿನ ಕಾಲದ ಕ್ಷ-ಕಿರಣ ಚಿಕಿತ್ಸೆಯ ಫಲದೊಡನೆ ತೂಗಿದುವು. ಹೈಡೆಲ್‌ಬರ್ಗಿನಲ್ಲಿ ಈ ಕಿರಣವನ್ನು ರೋಗಿಯ ಸುತ್ತ ತಿರುಗಿಸುವ ಯಂತ್ರವೊಂದೇ ಸುಮಾರು 670 ಟನ್ ತೂಗುವುದು. ಅಷ್ಟು ಭಾರವನ್ನು ಹೊರಿಸಿಕೊಂಡ ವಿದ್ಯೆಯನ್ನು ಇಂದಿನ ಕ್ಷ-ಕಿರಣದೊಡನೆಯೂ ಪ್ರೋಟಾನಿನೊಡನೆಯೂ, ರೋಗಿಗಳನ್ನು ಯಾದೃಚ್ಛಿಕವಾಗಿ ಹಂಚಿ, ಸಮಾನವಾಗಿ ತೂಗಿನೋಡಿದ ಪರೀಕ್ಷೆಗಳು ಇನ್ನೂ ಬಹಳ ಕಡಮೆ.