ಡಿಸೆಂಬರ್ ದಾರಿಯ ವಿಚಿತ್ರಗಳು

ಕ್ರಿಸ್ಮಸ್ ವಾರದಲ್ಲಿ ಅಮೆರಿಕದ ಹೆದ್ದಾರಿಗೆ ಇಳಿಯುವ ಕಾರುಗಳಲ್ಲಿ ಹೆಚ್ಚಿನವು ನೆಂಟರ ಮನೆಗೆ ಹೊರಟಿರುತ್ತವೆ. ಕೆಲವು ಮಾತ್ರ ಬೇರೆ ಹುಡುಕಾಟದಲ್ಲಿರುತ್ತವೆ. ಅವುಗಳಲ್ಲಿ ಕೂತವರಿಗೆ ನ್ಯೂಯಾರ್ಕಿನ ರಾಕೆಫೆಲ್ಲರ್ ಸೆಂಟರಿನ ಭಾರಿ ಮರ ಬೇಡ. ಮೇನ್ ರಾಜ್ಯದ ಬಂದರಿನಲ್ಲಿ ಲಾಬ್‌ಸ್ಟರ್ ಬೋನುಗಳನ್ನು ಪೇರಿಸಿ ಕಟ್ಟಿದ ಮರ ಬೇಕು. ಮಿಸಿಸಿಪ್ಪಿ ನದಿಯ ಏರಿಯ ಮೇಲೆ ಸಾಲಾಗಿ ಹೊತ್ತಿ ಉರಿಯುವ ಕಟ್ಟಿಗೆ ಗೋಪುರಗಳು, ಸಾಂಟಾ ಕ್ಲಾಸ್ ಎಂಬ ಹೆಸರಿನದೇ ಒಂದು ಊರು, ಸಿನಿಮಾದಲ್ಲಿ ಬಂದುಹೋದ ಮನೆ, ವರ್ಷವಿಡೀ ಕ್ರಿಸ್ಮಸ್ ಸಾಮಾನು ಮಾರುವ ಅಂಗಡಿ ಬೇಕು. ಇಂಥವನ್ನು ಹುಡುಕಿಕೊಂಡು ನೂರಾರು ಮೈಲಿ ಕಾರು ಓಡಿಸುವುದು ಅಲ್ಲಿ ಒಂದು ಹವ್ಯಾಸವೇ ಆಗಿದೆ. 1986ರಲ್ಲಿ ಬಂದ ‘ರೋಡ್‌ಸೈಡ್ ಅಮೆರಿಕ’ ಪುಸ್ತಕ ದಾರಿಬದಿಯ ವಿಚಿತ್ರಗಳ ಹುಡುಕಾಟಕ್ಕೆ ಒಂದು ಮರ್ಯಾದೆ ತಂದಿತು. 2009ರಲ್ಲಿ ಶುರುವಾದ ‘ಅಟ್ಲಾಸ್ ಅಬ್ಸ್ಕ್ಯೂರಾ’ ಜಾಲತಾಣ ಅದನ್ನು ದೇಶದೇಶಗಳಿಗೆ ಹರಡಿತು.

ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಈ ಹವ್ಯಾಸ ಹತ್ತಿಕೊಂಡಿದೆ. ಹೆಚ್ಚಿನ ಕಡೆ ದೀಪಾವಳಿಗೆ ಸಿಗದ ರಜೆ ಕ್ರಿಸ್ಮಸ್‌ಗೆ ಸಿಗುತ್ತದೆ. ಶಾಲೆಗಳು ಮುಚ್ಚಿರುತ್ತವೆ, ಎಷ್ಟೋ ಆಫೀಸುಗಳು ಹೊಸವರ್ಷದ ತನಕ ಅರೆನಿದ್ದೆಯಲ್ಲಿರುತ್ತವೆ. ಮಂಗಳೂರು ಕಡೆಯ ಕ್ರೈಸ್ತ ಮನೆಗಳವರು ಕುಸ್ವಾರ್ ತಿಂಡಿಗಳನ್ನು ಮಾಡಿಕೊಂಡು, ಗೋದಲಿ ಕಟ್ಟಿ ತಮ್ಮ ಹಬ್ಬ ತಾವು ಮಾಡುತ್ತಾರೆ. ಉಳಿದವರಿಗೆ ರಜೆ ಉಂಟು, ಹಬ್ಬವಿಲ್ಲ. ಆದರೆ ತರಗತಿಯಲ್ಲಿ ಎಲ್ಲರೂ ಮಾತಾಡುವ ಹಬ್ಬದಲ್ಲಿ ತನಗೂ ಒಂದು ಪಾಲು ಬೇಕೆಂದು ಮಗು ಕೇಳುತ್ತದೆ. ಕಾರಿನ ಪ್ರವಾಸ ಆ ಪಾಲನ್ನು ಕೊಡುತ್ತದೆ. ಹೊರಗಿನವರಿಗೆ ಬೇರೆಯವರ ಹಬ್ಬ ಮೊದಲು ತೆರೆದುಕೊಳ್ಳುವುದು ಬೀದಿಯಲ್ಲೇ, ಮನೆಯೊಳಗಲ್ಲ. ಆದ್ದರಿಂದ ಈ ಹವ್ಯಾಸವನ್ನು ನಾನು ಹಗುರವಾಗಿ ಕಾಣಲಾರೆ.

ನನ್ನ ತಕರಾರು ಪ್ರವಾಸದ ಪಟ್ಟಿಗಳ ಮೇಲೆ. ಮೀನುಗಾರರು ಕಟ್ಟಿದ್ದನ್ನೂ ವ್ಯಾಪಾರಿ ಕಟ್ಟಿದ್ದನ್ನೂ ಅವು ಒಂದೇ ಸಾಲಿನಲ್ಲಿ ನಿಲ್ಲಿಸಿ ‘ವಿಚಿತ್ರ, ನೋಡಲೇಬೇಕು’ ಎನ್ನುತ್ತವೆ. ನನಗೆ ಮುಖ್ಯವೆನಿಸುವ ಪ್ರಶ್ನೆ ಇದು: ಹೊರಗಿನಿಂದ ನೋಡಲು ಬರುವವರು ಒಂದು ವರ್ಷ ಯಾರೂ ಬಾರದಿದ್ದರೆ ಊರಿನವರು ಇದನ್ನು ಮಾಡುತ್ತಾರೋ ಇಲ್ಲವೋ?

ಈ ಪ್ರಶ್ನೆಯನ್ನು ಹಿಡಿದು ಇಂಡಿಯಾನಾ ರಾಜ್ಯದ ದಕ್ಷಿಣ ತುದಿಯ ಸಾಂಟಾ ಕ್ಲಾಸ್ ಎಂಬ ಊರಿಗೆ ಹೋದರೆ ಉತ್ತರ ಸುಲಭಕ್ಕೆ ಸಿಗುವುದಿಲ್ಲ. ಮೊದಲು ಆ ಊರಿಗೆ ಸಾಂಟಾ ಫೆ ಎಂಬ ಹೆಸರಿತ್ತು. 1856ರಲ್ಲಿ ಅಂಚೆ ಕಚೇರಿ ಬೇಕೆಂದು ಕೇಳಿದಾಗ, ರಾಜ್ಯದಲ್ಲಿ ಅದೇ ಹೆಸರಿನ ಇನ್ನೊಂದು ಊರು ಇದ್ದುದರಿಂದ ಹೆಸರು ಬದಲಿಸಬೇಕಾಯಿತು. ಈಗಿನ ಹೆಸರೇ ಯಾಕೆ ಬಂತು ಎನ್ನುವುದಕ್ಕೆ ಊರಿನವರು ಹೇಳುವ ಕಥೆಗಳು ಹಲವು. ಹೆಸರಿನ ಲಾಭ ಪಡೆಯಲು ಜನ ಬಂದದ್ದು ಬಹಳ ತಡವಾಗಿ. 1935ರಲ್ಲಿ ಇಬ್ಬರು ಉದ್ಯಮಿಗಳು ಪೈಪೋಟಿಗೆ ಬಿದ್ದರು. ಮಿಲ್ಟನ್ ಹ್ಯಾರಿಸ್ ಎಂಬವರು ಕೆಂಪು ಇಟ್ಟಿಗೆಯ ಮಿಠಾಯಿ ಕೋಟೆ ಕಟ್ಟಿಸಿದರು. ಕಾರ್ಲ್ ಬ್ಯಾರೆಟ್ ಎಂಬವರು ಗುಡ್ಡದ ಮೇಲೆ 22 ಅಡಿಯ ಸಾಂಟಾ ಪ್ರತಿಮೆ ನಿಲ್ಲಿಸಿ, ಅದನ್ನು ಜಗತ್ತಿನ ಮಕ್ಕಳಿಗೆ ಅರ್ಪಿಸಿ, ಆ ವರ್ಷದ ಕ್ರಿಸ್ಮಸ್ ದಿನವೇ ಅನಾವರಣ ಮಾಡಿಸಿದರು. ಅವರಿಬ್ಬರ ಕಂಪನಿಗಳ ಜಗಳ 1940ರಲ್ಲಿ ಇಂಡಿಯಾನಾ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಆಮೇಲೆ 1946ರಲ್ಲಿ ಲೂಯಿಸ್ ಕೋಚ್ ಎಂಬ ಉದ್ಯಮಿ, ಇಷ್ಟು ದೂರ ಬಂದ ಮಕ್ಕಳು ಸಾಂಟಾ ಸಿಗದೆ ಮುಖ ಬಾಡಿಸಿಕೊಂಡು ಹೋಗುತ್ತಾರಲ್ಲ ಎಂದು ‘ಸಾಂಟಾ ಕ್ಲಾಸ್ ಲ್ಯಾಂಡ್’ ತೆರೆದರು. ಈಗ ಅದು ‘ಹಾಲಿಡೇ ವರ್ಲ್ಡ್’ ಎಂಬ ದೊಡ್ಡ ಮನರಂಜನಾ ಪಾರ್ಕು. ಬೇಸಿಗೆಯ ವ್ಯಾಪಾರವನ್ನು ನೆಚ್ಚಿಕೊಂಡಿರುವ ಪಾರ್ಕು ಡಿಸೆಂಬರಿನಲ್ಲಿ ಮುಚ್ಚಿರುತ್ತದೆ.

ಇಷ್ಟನ್ನು ಕೇಳಿದರೆ ಊರು ಬರೀ ಹೆಸರಿನ ವ್ಯಾಪಾರ ಎಂದು ತೀರ್ಪು ಕೊಡಬಹುದು. ಆದರೆ ಅದೇ ಊರಿನ ಅಂಚೆ ಕಚೇರಿಯನ್ನು ನೋಡಿದ ಮೇಲೆ ಆ ತೀರ್ಪು ನಿಲ್ಲುವುದಿಲ್ಲ. ವ್ಯಾಪಾರಿಗಳು ಬರುವುದಕ್ಕೂ ಎರಡು ದಶಕ ಮೊದಲು, 1914ರ ಸುಮಾರಿಗೆ, ಜೇಮ್ಸ್ ಮಾರ್ಟಿನ್ ಎಂಬ ಪೋಸ್ಟ್‌ಮಾಸ್ಟರ್ ಸಾಂಟಾನ ಹೆಸರಿಗೆ ಬರುತ್ತಿದ್ದ ಮಕ್ಕಳ ಕಾಗದಗಳಿಗೆ ಉತ್ತರ ಬರೆಯತೊಡಗಿದರು. ವಿಳಾಸ ಸಿಗದ ಕಾಗದವೆಂದು ಅವನ್ನು ಪಕ್ಕಕ್ಕಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆ ಕೆಲಸ ಇಂದಿಗೂ ನಿಂತಿಲ್ಲ. ಊರಿನ ಸ್ವಯಂಸೇವಕರು ಕೂತು ಪ್ರತಿ ವರ್ಷ ಸಾವಿರಾರು ಮಕ್ಕಳಿಗೆ ಉತ್ತರ ಬರೆಯುತ್ತಾರೆ. ಡಿಸೆಂಬರಿನಲ್ಲಿ ಅಂಚೆ ಕಚೇರಿಯವರು ಕಾರ್ಡುಗಳ ಮೇಲೆ ಒತ್ತುವ ಚಿತ್ರಮುದ್ರೆ ವರ್ಷಕ್ಕೊಂದು ಹೊಸದು. ಅದರ ಚಿತ್ರ ಬರೆಯುವವರು ಅಲ್ಲಿನ ಹೈಸ್ಕೂಲಿನ ವಿದ್ಯಾರ್ಥಿಗಳು. ಒಬ್ಬ ಪ್ರವಾಸಿಯೂ ಬಾರದ ವರ್ಷದಲ್ಲಿ ಕಾಗದಗಳು ಬಂದೇ ಬರುತ್ತವೆ, ಉತ್ತರಗಳು ಹೋಗಿಯೇ ಹೋಗುತ್ತವೆ. ಊರಿನ ಪ್ರಾಣ ಇರುವುದು ಅಲ್ಲಿ. ಆದರೂ ಪಟ್ಟಿಗಳಲ್ಲಿ ಮೊದಲ ಫೋಟೋ ಪ್ರತಿಮೆಯದೇ. ಇನ್ನೊಂದು ಮಾತು: ಅಬ್ರಹಾಂ ಲಿಂಕನ್ 1816ರಿಂದ 1830ರ ತನಕ ಬೆಳೆದದ್ದು ಇಲ್ಲಿಂದ ಕೆಲವೇ ಮೈಲಿ ದೂರದಲ್ಲಿ. ತಾಯಿ ನ್ಯಾನ್ಸಿಯ ಸಮಾಧಿಯೂ ಅಲ್ಲೇ ಇದೆ. ವಿಚಿತ್ರವನ್ನೇ ಹುಡುಕುವ ಕಣ್ಣಿಗೆ ಅದು ಬೀಳದೆ ಹೋಗುವುದು ಈ ಹವ್ಯಾಸದ ನಿಜವಾದ ಕೊರತೆ.

ಕ್ಲೀವ್‌ಲ್ಯಾಂಡಿನ ‘ಎ ಕ್ರಿಸ್ಮಸ್ ಸ್ಟೋರಿ’ ಮನೆಯ ಕಥೆ ಬೇರೆ. 1983ರ ಆ ಸಿನಿಮಾದಲ್ಲಿ ಮನೆಯ ಹೊರಗಿನ ನೋಟ ಮಾತ್ರ ಕ್ಲೀವ್‌ಲ್ಯಾಂಡಿನದು. ಒಳಗಿನ ದೃಶ್ಯಗಳನ್ನು ಕೆನಡಾದ ಸ್ಟುಡಿಯೊದಲ್ಲಿ ಸೆಟ್ ಹಾಕಿ ತೆಗೆದಿದ್ದರು. ಚಿತ್ರದಲ್ಲಿ ಬರುವ ಹೆಂಗಸಿನ ಕಾಲಿನಾಕಾರದ ದೀಪವನ್ನು ತಯಾರಿಸಿ ಮಾರುತ್ತಿದ್ದ ಬ್ರಯಾನ್ ಜೋನ್ಸ್ ಎಂಬ ಅಭಿಮಾನಿ 2004ರಲ್ಲಿ ಈ ಮನೆಯನ್ನು ಇಬೇ ಹರಾಜಿನಲ್ಲಿ 1,50,000 ಡಾಲರಿಗೆ ಕೊಂಡರು. ಒಳಭಾಗವನ್ನು ಬಿಚ್ಚಿಸಿ ಸೆಟ್ಟಿನಂತೆಯೇ ಹೊಸದಾಗಿ ಕಟ್ಟಿಸಿ, 2006ರಲ್ಲಿ ಜನರಿಗೆ ತೆರೆದರು. ಅಂದರೆ ಆ ಮನೆಯಲ್ಲಿ ಎಂದೂ ಇಲ್ಲದಿದ್ದ ಕೋಣೆಗಳನ್ನು ನೋಡಲು ಜನ ಟಿಕೆಟ್ ಕೊಳ್ಳುತ್ತಾರೆ. ನನ್ನ ಪ್ರಶ್ನೆಯ ಮುಂದೆ ಈ ಮನೆ ನಿಲ್ಲುವುದಿಲ್ಲ, ನೋಡುವವರಿಲ್ಲದಿದ್ದರೆ ಅದಕ್ಕೆ ಬಾಳೇ ಇಲ್ಲ. ಆದರೆ ಆ ಕೋಣೆಗಳಲ್ಲಿ ಹಗ್ಗ ಕಟ್ಟಿ ದೂರ ನಿಲ್ಲಿಸುವುದಿಲ್ಲ, ಸಾಮಾನುಗಳನ್ನು ಮುಟ್ಟಬಹುದು. ಚಿತ್ರದ ಪುಟ್ಟ ಹುಡುಗ ಬಚ್ಚಿಟ್ಟುಕೊಳ್ಳುವ ಸಿಂಕಿನ ಕೆಳಗೆ ಮಕ್ಕಳು ನುಸುಳಬಹುದು. ವರ್ಷ ವರ್ಷವೂ ಮನೆಮಂದಿಯೆಲ್ಲ ಕೂತು ಅದೇ ಸಿನಿಮಾ ನೋಡುವ ರೂಢಿ ಬೆಳೆದ ದೇಶದಲ್ಲಿ ಅಂಥ ಸಲಿಗೆಗೆ ಬೆಲೆಯಿದೆ. ಇದನ್ನು ಒಬ್ಬ ಅಭಿಮಾನಿಯ ಪ್ರೀತಿಯ ಕೆಲಸವೆಂದು ಒಪ್ಪಿಕೊಳ್ಳುತ್ತೇನೆ, ಸಂಪ್ರದಾಯವೆಂದು ಒಪ್ಪುವುದಿಲ್ಲ.

ಮಿಷಿಗನ್ನಿನ ಫ್ರಾಂಕೆನ್‌ಮುತ್‌ನಲ್ಲಿರುವ ಬ್ರಾನರ್ಸ್ ಅಂಗಡಿಗೆ ಅಷ್ಟು ಮಾತೂ ಬೇಡ. ವಾಲಿ ಬ್ರಾನರ್ 1945ರಲ್ಲಿ ಶುರುಮಾಡಿದ ವ್ಯಾಪಾರ ಇಂದು ವರ್ಷಕ್ಕೆ 361 ದಿನ ತೆರೆದಿರುವ ಕ್ರಿಸ್ಮಸ್ ಸಾಮಾನಿನ ಮಹಾಮಳಿಗೆ. ಮುಚ್ಚುವ ನಾಲ್ಕು ದಿನಗಳಲ್ಲಿ ಕ್ರಿಸ್ಮಸ್ ಒಂದು. ಅಂಗಳದಲ್ಲಿ ‘ಸೈಲೆಂಟ್ ನೈಟ್’ ಹಾಡು 1818ರಲ್ಲಿ ಮೊದಲು ಕೇಳಿಬಂದ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಊರಿನ ಸ್ಮಾರಕ ಚಾಪೆಲ್‌ನ ಪ್ರತಿಕೃತಿ ನಿಲ್ಲಿಸಿದ್ದಾರೆ. ಮೂಲದ ಚರ್ಚನ್ನು ನೆರೆಗೆ ಹಾಳಾದ ಮೇಲೆ ಕೆಡವಿದರು, ಅದರ ಜಾಗದಲ್ಲಿ ಎದ್ದದ್ದು ಸ್ಮಾರಕ, ಸ್ಮಾರಕದ ನಕಲು ಇಲ್ಲಿಯದು. ಒಳ್ಳೆಯ ಅಂಗಡಿ, ಸಾಮಾನು ಕೊಳ್ಳಲು ಹೋಗಿ.

ಬೋನುಗಳ ಮರಕ್ಕೆ ಬಂದರೆ ಮನಸ್ಸು ಅರಳುತ್ತದೆ. ಮೇನ್ ರಾಜ್ಯದ ರಾಕ್‌ಲ್ಯಾಂಡ್, ಮ್ಯಾಸಚೂಸೆಟ್ಸಿನ ಗ್ಲೌಸ್ಟರ್ ಮತ್ತು ಪ್ರಾವಿನ್ಸ್‌ಟೌನ್ ಕಡಲೂರುಗಳು. ಚಳಿಗಾಲ ಬಂದಂತೆ ಅನೇಕ ಮೀನುಗಾರರು ಬೋನುಗಳನ್ನು ದಡಕ್ಕೆ ತಂದು ಪೇರಿಸುವುದು ಅಲ್ಲಿನ ದಿನದ ಕೆಲಸ. ಪೇರಿಸಿದ್ದನ್ನು ಕೊಂಚ ಮೇಲಕ್ಕೆ ಒಯ್ದು, ದೀಪ ಸುತ್ತಿ, ತುದಿಗೆ ಲಾಬ್‌ಸ್ಟರ್ ಇಟ್ಟರೆ ಕ್ರಿಸ್ಮಸ್ ಮರ. ಗ್ಲೌಸ್ಟರಿನಲ್ಲಿ ಊರಿನ ಮಕ್ಕಳು ಬಣ್ಣ ಬಳಿದ ಬುರುಡೆಗಳನ್ನು, ಅಂದರೆ ಬೋನು ಎಲ್ಲಿದೆಯೆಂದು ಗುರುತಿಸಲು ನೀರಿನ ಮೇಲೆ ತೇಲಿಬಿಡುವ ಬುರುಡೆಗಳನ್ನು, ಮರಕ್ಕೆ ತೂಗುಹಾಕುತ್ತಾರೆ. ಹಬ್ಬ ಮುಗಿದ ಮೇಲೆ ಅವನ್ನು ಹರಾಜು ಹಾಕಿ ಬಂದ ಹಣ ಮಕ್ಕಳ ಕಲಾಶಾಲೆಗೆ. ಅರಿಝೋನಾದ ಚಾಂಡ್ಲರಿನಲ್ಲಿ 1957ರಿಂದ ಪ್ರತಿ ವರ್ಷ ಟಂಬಲ್‌ವೀಡ್‌ಗಳ ಮರ ಏಳುತ್ತದೆ. ಟಂಬಲ್‌ವೀಡ್ ಎಂದರೆ ಒಣಗಿದ ಮೇಲೆ ಬುಡ ಕಿತ್ತುಕೊಂಡು ಗಾಳಿಗೆ ಉರುಳುವ ಮುಳ್ಳುಪೊದೆ. 1870ರ ದಶಕದಲ್ಲಿ ರಷ್ಯಾದಿಂದ ಅಗಸೆ ಬೀಜದ ಜೊತೆ ಬಂದು ಅಮೆರಿಕದ ಪಶ್ಚಿಮಕ್ಕೆಲ್ಲ ಹರಡಿದ ಕಳೆ ಅದು. ಸುಮಾರು 1,000 ಪೊದೆಗಳನ್ನು ಆಯ್ದು ತಂದು ತಂತಿ ಬಲೆಯ ಚೌಕಟ್ಟಿಗೆ ಸಿಕ್ಕಿಸುತ್ತಾರೆ, ಬಿಳಿ ಬಣ್ಣವನ್ನೂ ಬೆಂಕಿ ತಾಗದ ದ್ರಾವಣವನ್ನೂ ಸಿಂಪಡಿಸುತ್ತಾರೆ. ಪೈನ್ ಬೆಳೆಯದ ನೆಲದಲ್ಲಿ, ಪೀಡೆಯೆಂದು ಬೇಲಿಯಿಂದ ಕಿತ್ತೆಸೆಯುವ ಗಿಡದಿಂದಲೇ ಹಬ್ಬದ ಮರ ಕಟ್ಟುವ ಈ ಧೈರ್ಯ ನನಗೆ ತುಂಬ ಇಷ್ಟ. ಈ ಎರಡೂ ಕಡೆ ವಿಚಿತ್ರ ಹುಟ್ಟಿದ್ದು ಕೈಗೆ ಸಿಕ್ಕಿದ್ದರಿಂದ. ನೋಡುವವರನ್ನು ಕರೆದದ್ದು ಆಮೇಲೆ.

ಎಲ್ಲಕ್ಕಿಂತ ಹೆಚ್ಚು ಮೆಚ್ಚುವುದು, ಎಲ್ಲಕ್ಕಿಂತ ಹೆಚ್ಚು ಕಾಡುವುದು ಲೂಯಿಸಿಯಾನಾದ ಬೆಂಕಿ. ನ್ಯೂ ಆರ್ಲಿಯನ್ಸ್ ಮತ್ತು ಬ್ಯಾಟನ್ ರೂಜ್ ನಡುವಿನ ಸೇಂಟ್ ಜೇಮ್ಸ್ ಪ್ಯಾರಿಷ್ ಎಂಬ ಜಿಲ್ಲೆಯಲ್ಲಿ, ಲುಚರ್, ಗ್ರಾಮರ್ಸಿ, ಪಾಲಿನಾ ಊರುಗಳ ಜನ ಮಿಸಿಸಿಪ್ಪಿಯ ಏರಿಯ ಮೇಲೆ ವಿಲ್ಲೋ ಮರದ ದಿಮ್ಮಿಗಳನ್ನು ಗೋಪುರವಾಗಿ ಜೋಡಿಸುತ್ತಾರೆ. ನಡುವೆ ಟೊಳ್ಳು ಜೊಂಡಿನ ಕಾಂಡಗಳನ್ನು ತುಂಬುತ್ತಾರೆ. ಬೆಂಕಿಯ ಕಾವಿಗೆ ಅವು ಸಿಡಿದು ದೊಡ್ಡ ಸದ್ದು ಮಾಡುತ್ತವೆ. ಡಿಸೆಂಬರ್ 24ರ ಸಂಜೆ ಏಳಕ್ಕೆ ಎಲ್ಲಕ್ಕೂ ಒಟ್ಟಿಗೆ ಬೆಂಕಿ. ಕೇಜನ್ನರ, ಅಂದರೆ ಅಲ್ಲಿನ ಫ್ರೆಂಚ್ ಮೂಲದವರ, ಸಾಂಟಾ ಆದ ಪಾಪಾ ನೋಯೆಲ್‌ಗೆ ದಾರಿ ಕಾಣಲಿ ಎಂದು ಮಕ್ಕಳಿಗೆ ಹೇಳುತ್ತಾರೆ. ಫ್ರೆಂಚ್ ಮತ್ತು ಜರ್ಮನ್ ವಲಸಿಗರು ತಂದ ಪದ್ಧತಿಯೆಂದು ಕೆಲವರ ವಾದ. 19ನೇ ಶತಮಾನದ ಫ್ರೆಂಚ್ ಪಾದ್ರಿಗಳಿಂದ ಬಂದದ್ದೆಂದು ಇನ್ನು ಕೆಲವರದು. ಗೋಪುರದ ಎತ್ತರ 15 ಅಡಿ ಮೀರಬಾರದೆಂಬ ನಿಯಮ ಈಗ ಇದೆ. ಒಂದೊಂದು ಗೋಪುರವೂ ಒಂದೊಂದು ಕುಟುಂಬದ್ದೋ ಗೆಳೆಯರ ಬಳಗದ್ದೋ. ಅಜ್ಜ ಕಟ್ಟಿದ ಜಾಗದಲ್ಲಿ ಮೊಮ್ಮಗ ಕಟ್ಟುತ್ತಾನೆ, ಪಕ್ಕದಲ್ಲಿ ಗಂಬೋ ಎಂಬ ಸಾರು ಬೇಯುತ್ತಿರುತ್ತದೆ. ನನ್ನ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇರೆಲ್ಲೂ ಸಿಗದು.

ಆದರೆ ಆ ಏರಿಗೆ ಹೋಗುವ ದಾರಿಯ ಇಕ್ಕೆಲದಲ್ಲೂ ಪೆಟ್ರೋಕೆಮಿಕಲ್ ಕಾರ್ಖಾನೆಗಳಿವೆ. ಸುಮಾರು 85 ಮೈಲಿಯ ಈ ನದೀತೀರಕ್ಕೆ ಅಲ್ಲಿನವರು ‘ಕ್ಯಾನ್ಸರ್ ಆಲಿ’, ಅಂದರೆ ಕ್ಯಾನ್ಸರಿನ ಓಣಿ, ಎಂದೇ ಹೇಳುವುದು. ಇದೇ ಸೇಂಟ್ ಜೇಮ್ಸ್‌ನ ನಿವೃತ್ತ ಶಿಕ್ಷಕಿ ಶರೋನ್ ಲವಿನ್ ನೆರೆಹೊರೆಯವರನ್ನು ಕೂಡಿಸಿಕೊಂಡು ಒಂದು ಪ್ಲಾಸ್ಟಿಕ್ ಕಾರ್ಖಾನೆ ಬರದಂತೆ ತಡೆದರು; 2021ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಡಿಸೆಂಬರ್ 24ರ ರಾತ್ರಿ ಕಾರು ನಿಲ್ಲಿಸಿ ಬೆಂಕಿಯ ಫೋಟೋ ತೆಗೆದು, ಮರುದಿನ ಬೆಳಿಗ್ಗೆ ನ್ಯೂ ಆರ್ಲಿಯನ್ಸಿಗೆ ಮರಳುವವರಿಗೆ ಈ ಸಂಗತಿ ಯಾರೂ ಹೇಳುವುದಿಲ್ಲ. ವಿಚಿತ್ರವೆಂದು ಹೆಸರಿಟ್ಟ ಕ್ಷಣದಿಂದ ಒಂದು ಊರು ತನ್ನ ಉಳಿದ ಬದುಕಿನಿಂದ ಕಳಚಿಬೀಳುತ್ತದೆ. ಊರಿನವರು ಕಟ್ಟಿಗೆ ಹೊತ್ತಿಸುವ ಜಾಗದಲ್ಲೇ ಉಸಿರಾಡಿ ಬದುಕುತ್ತಾರೆ, ಅಲ್ಲೇ ಕಾಯಿಲೆ ಬೀಳುತ್ತಾರೆ. ಬೆಂಕಿಯನ್ನು ಬಣ್ಣಿಸುವ ಬರಹದಲ್ಲಿ ಈ ಮಾತಿಗೆ ಜಾಗವಿರಲೇಬೇಕು.

ಕಾರಿನಲ್ಲಿ ಕೂತೇ ನೋಡಲೆಂದು ಮಾಡಿದ್ದೆಲ್ಲ ಕೃತಕವೆಂದುಕೊಂಡರೆ ಕ್ಯಾಲಿಫೋರ್ನಿಯಾದ ಆಲ್ಟಡೀನಾ ಆ ನಂಬಿಕೆಯನ್ನು ಮುರಿಯುತ್ತದೆ. ಅಲ್ಲಿನ ಸಾಂಟಾ ರೋಸಾ ಅವೆನ್ಯೂವಿನ ಎರಡೂ ಬದಿಗೆ ಬೆಳೆದಿರುವುದು ಹಿಮಾಲಯದ ದೇವದಾರು. ಜಾನ್ ವುಡ್‌ಬರಿ ಎಂಬ ಜಮೀನುದಾರರು ತಾವು ಕಟ್ಟಿಸಬೇಕೆಂದಿದ್ದ ಬಂಗಲೆಯ ದಾರಿಗೆ 1880ರ ದಶಕದಲ್ಲಿ ಇವನ್ನು ನೆಡಿಸಿದರು. ಬಂಗಲೆ ಏಳಲೇ ಇಲ್ಲ, ಮರಗಳು ಬೆಳೆದವು. 1920ರಲ್ಲಿ ಊರಿನವರು ಅವುಗಳಿಗೆ ದೀಪ ಕಟ್ಟಿದರು. ಅಂದಿನಿಂದ ಅದು ಕ್ರಿಸ್ಮಸ್ ಟ್ರೀ ಲೇನ್, ಹೆಡ್‌ಲೈಟ್ ಆರಿಸಿಕೊಂಡು ಮೆಲ್ಲಗೆ ಸಾಗುವುದು ಅಲ್ಲಿನ ರೂಢಿ. ದೀಪ ಏರಿಸುವ ಕೆಲಸವೆಲ್ಲ ಸ್ವಯಂಸೇವಕರದು. 2025ರ ಜನವರಿಯಲ್ಲಿ ಈಟನ್ ಕಾಡ್ಗಿಚ್ಚು ಆಲ್ಟಡೀನಾದ ಸಾವಿರಾರು ಕಟ್ಟಡಗಳನ್ನು ಸುಟ್ಟಿತು. ದೇವದಾರುಗಳ ಸಾಲು ಬಹುಪಾಲು ಉಳಿಯಿತು. ಕಾರಿಗಾಗಿ ಮಾಡಿದ ಪ್ರದರ್ಶನವೂ ನೂರು ವರ್ಷ ಒಂದು ಬೀದಿಯವರ ಕೈಯಲ್ಲಿ ಉಳಿದರೆ ಅವರದೇ ಹಬ್ಬವಾಗುತ್ತದೆ. ಪ್ರವಾಸಿಗಳಿಗಾಗಿ ಎನ್ನುವುದನ್ನೂ ಊರಿಗಾಗಿ ಎನ್ನುವುದನ್ನೂ ನಾನು ಬೇರೆ ಬೇರೆ ಇಟ್ಟು ತೂಗುತ್ತ ಬಂದೆ. ಇಲ್ಲಿ ಅವೆರಡನ್ನೂ ಬಿಡಿಸಲಾಗುವುದಿಲ್ಲ.

ಆದ್ದರಿಂದ ಪಟ್ಟಿ ಬರೆಯುವವರಿಂದ ನಾನು ಬಯಸುವುದು ಬೇರೆ ಮಾಹಿತಿ. ಮರ ಎಷ್ಟು ಅಡಿ, ದೀಪ ಎಷ್ಟು ಸಾವಿರ, ಪಾರ್ಕಿಂಗ್ ಎಲ್ಲಿ ಎಂದು ಎಲ್ಲರೂ ಬರೆಯುತ್ತಾರೆ. ಕಟ್ಟುವವರು ಯಾರು, ಯಾವಾಗ ಕಟ್ಟುತ್ತಾರೆ, ಕೊಟ್ಟ ಹಣ ಯಾರ ಕೈಸೇರುತ್ತದೆ ಎಂದು ಬರೆದರೆ ಪ್ರವಾಸದ ದಿನಾಂಕವೇ ಬದಲಾಗುತ್ತದೆ. ಡಿಸೆಂಬರ್ 24ರ ಸಂಜೆ ನದಿ ದಾರಿ ಕಾರುಗಳಿಂದ ಕಿಕ್ಕಿರಿದಿರುತ್ತದೆ, ಕಟ್ಟಿದವರೊಡನೆ ಮಾತಾಡಲು ಎಡೆಯೇ ಇರುವುದಿಲ್ಲ. ದಿಮ್ಮಿ ಹೊತ್ತು ತಂದು ಜೋಡಿಸುವ ಕೆಲಸ ನಡೆಯುವುದು ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲಿನ ಶನಿವಾರ, ಭಾನುವಾರಗಳಲ್ಲಿ. ಕಡಲೂರುಗಳಲ್ಲಿ ಬೋನುಗಳು ಮೇಲೇರುವುದೂ ಸರಿಸುಮಾರು ಅದೇ ಹೊತ್ತಿಗೆ. ಥ್ಯಾಂಕ್ಸ್‌ಗಿವಿಂಗ್‌ಗೆ ನಾಲ್ಕು ದಿನ ರಜೆ ಸಿಗುವ ಕನ್ನಡದ ಕುಟುಂಬಕ್ಕೆ ಕ್ರಿಸ್ಮಸ್ ಪ್ರವಾಸ ಹೊರಡಲು ನವೆಂಬರಿನ ಆ ಕೊನೆಯ ವಾರವೇ ಸರಿಯಾದ ಕಾಲ.